ಮನೆಮಂದಿಗೆ ಕಾಂಪ್ಯಾಕ್ಟ್ ಎಸ್‌ಯುವಿ ತಗೊಳ್ತೀರಾ? ಮೊದಲು ಹಿಂದಿನ ಸೀಟಲ್ಲಿ ಕೂತು ನೋಡಿ

ಶಿವಮೊಗ್ಗದಲ್ಲಿ ನನ್ನದೊಂದು ಟಯರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿ ಇದೆ. ಗಾಡಿ ಮೇಲೆತ್ತಿ ಅಡಿಯಿಂದ ನೋಡುವುದು ನನ್ನ ದಿನದ ಕೆಲಸ. ಹಾಗಾಗಿ ನೆಂಟರು, ಪರಿಚಯದವರು, ಟಯರ್ ಬದಲಾಯಿಸಲು ಬಂದವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಅಣ್ಣ, ಹೊಸ ಗಾಡಿ ತಗೋಬೇಕು ಅಂತಿದ್ದೀವಿ. ನೆಕ್ಸಾನ್ ತಗೊಳ್ಳೋದಾ, ಬ್ರೆಝಾನಾ, ಸೋನೆಟ್ಟಾ?" ನಾನು ತಿರುಗಿ ಕೇಳುವುದೂ ಒಂದೇ. "ಹಿಂದೆ ಯಾರು ಕೂರ್ತಾರೆ?"

ಹೆಚ್ಚಿನವರಿಗೆ ಈ ಪ್ರಶ್ನೆ ಹೊಸದು. ಗಾಡಿ ಆರಿಸುವವನು ಓಡಿಸುವವನು. ಅವನು ಶೋರೂಮಿಗೆ ಒಬ್ಬನೇ ಹೋಗುತ್ತಾನೆ, ಇಲ್ಲವೇ ಸ್ನೇಹಿತನ ಜೊತೆ ಹೋಗುತ್ತಾನೆ. ಸ್ಟೇರಿಂಗ್ ಹಿಡಿದು ಕೂರುತ್ತಾನೆ, ದೊಡ್ಡ ಸ್ಕ್ರೀನ್ ಮುಟ್ಟಿ ನೋಡುತ್ತಾನೆ, ಸನ್‌ರೂಫ್ ತೆಗೆದು ಮುಚ್ಚುತ್ತಾನೆ. ಸೇಲ್ಸ್ ಹುಡುಗರು ತೋರಿಸುವುದೂ ಅಷ್ಟನ್ನೇ. ಆದರೆ ಮುಂದಿನ ಎಂಟು ಹತ್ತು ವರ್ಷ ಆ ಗಾಡಿಯ ಹಿಂದಿನ ಸೀಟಲ್ಲಿ ಅಮ್ಮ ಕೂರುತ್ತಾರೆ, ಮಕ್ಕಳು ಕೂರುತ್ತಾರೆ, ಊರಿಂದ ಬಂದ ಅತ್ತೆ ಮಾವ ಕೂರುತ್ತಾರೆ. ಮನೆಗೆ ಅಂತ ತಗೊಳ್ಳುವ ಗಾಡಿಯನ್ನು ಹಿಂದಿನ ಸೀಟಿನಿಂದಲೇ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಹೇಗೆ ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಶೋರೂಮಿಗೆ ಹೋಗುವ ಮೊದಲು

ಒಂದು ಹಾಳೆ ತಗೊಂಡು ಮೂರು ವಿಷಯ ಬರೆಯಿರಿ. ಯಾರು ಕೂರುತ್ತಾರೆ, ಯಾವ ರಸ್ತೆಯಲ್ಲಿ ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ.

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅಮ್ಮ. ವಾರವೆಲ್ಲ ಶಾಲೆ, ಗಾಂಧಿ ಬಜಾರ್, ಆಸ್ಪತ್ರೆ. ರಜೆ ಬಂದರೆ ತೀರ್ಥಹಳ್ಳಿ ಹತ್ತಿರ ಹೆಂಡತಿಯ ತವರು, ಅಲ್ಲಿಂದ ಆಗುಂಬೆ ಘಾಟಿ ಇಳಿದು ಉಡುಪಿ. ಆಗಾಗ ಕಡೂರು, ಅರಸೀಕೆರೆ, ತುಮಕೂರು ಮೇಲೆ ಬೆಂಗಳೂರು. ಇಷ್ಟು ಬರೆದರೆ ಸಾಕು, ಅರ್ಧ ಆಯ್ಕೆ ಮುಗಿದ ಹಾಗೆ. ಅಮ್ಮನಿಗೆ ಸುಲಭವಾಗಿ ಹತ್ತಿಳಿಯಲು ಆಗಬೇಕು. ಐದು ಜನ ಕೂತು ಲಗೇಜ್ ತುಂಬಿದ ಮೇಲೂ ಗಾಡಿ ಘಾಟಿ ಹತ್ತಬೇಕು. ದಿನದ ಓಡಾಟ ಕಡಿಮೆ ದೂರದ್ದು, ಹಾಗಾಗಿ ಡೀಸೆಲ್ ಬೇಡ. ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಮೇಲೆ ಟೇಪ್ ಹಿಡಿದು ಗೇಟಿನ ಅಗಲ ಅಳೆಯಿರಿ. ನೆಕ್ಸಾನ್ ಅಗಲ 1804 ಮಿಲಿಮೀಟರ್, ಮಹೀಂದ್ರಾದ ತ್ರೀ ಎಕ್ಸ್‌ಒ 1821, ಬ್ರೆಝಾ 1790. ಇದರಲ್ಲಿ ಪಕ್ಕದ ಕನ್ನಡಿಗಳು ಸೇರಿಲ್ಲ. ಗೇಟಿನೊಳಗೆ ನಿಲ್ಲಿಸಿದ ಮೇಲೆ ಬಾಗಿಲು ತೆಗೆದು ಇಳಿಯಲೂ ಜಾಗ ಬೇಕು. ಒಂದು ಕಡೆ ಗೋಡೆಗೆ ಒತ್ತಿ ನಿಲ್ಲಿಸಿದರೆ ವಯಸ್ಸಾದವರು ಆ ಕಡೆಯಿಂದ ಇಳಿಯಲು ಆಗುವುದಿಲ್ಲ. ಯಾವ ಬಾಗಿಲು ಗೋಡೆಯ ಕಡೆ ಬರುತ್ತದೆ ಅಂತ ಈಗಲೇ ಯೋಚಿಸಿ.

ನಾಲ್ಕು ಮೀಟರ್ ಲೆಕ್ಕ ಮತ್ತು ಹತ್ತು ಲಕ್ಷದ ಗೆರೆ

ಈ ಗಾಡಿಗಳೆಲ್ಲ 3,995 ಮಿಲಿಮೀಟರ್ ಆಸುಪಾಸಿನಲ್ಲೇ ಯಾಕೆ ನಿಂತಿವೆ ಅಂತ ಅನ್ನಿಸಿರಬಹುದು. ಕಾರಣ ತೆರಿಗೆ. ಉದ್ದ 4 ಮೀಟರ್ ಒಳಗಿರಬೇಕು, ಪೆಟ್ರೋಲ್ ಎಂಜಿನ್ ಆದರೆ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ ಇರಬೇಕು. ಆಗ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ ಜಿಎಸ್‌ಟಿ ಶೇ 18, ಅದನ್ನು ದಾಟಿದ್ದಕ್ಕೆ ಶೇ 40. ಬ್ರೆಝಾ ಉದ್ದದಲ್ಲಿ 4 ಮೀಟರ್ ಒಳಗೇ ಇದೆ. ಆದರೆ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಅದಕ್ಕೇ ಅದು ಶೇ 40ರ ಲೆಕ್ಕದಲ್ಲಿ ಬರುತ್ತದೆ. ನೆಕ್ಸಾನ್, ವೆನ್ಯೂ, ಸೋನೆಟ್, ಕೈಲಾಕ್, ಮ್ಯಾಗ್ನೈಟ್ ಇವೆಲ್ಲ ಶೇ 18ರಲ್ಲಿ.

ನಮ್ಮ ರಾಜ್ಯದವರಿಗೆ ಇನ್ನೊಂದು ಗೆರೆ ಇದೆ. ರೋಡ್ ಟ್ಯಾಕ್ಸ್ 5ರಿಂದ 10 ಲಕ್ಷದವರೆಗೆ ಶೇ 14, ಅದನ್ನು ದಾಟಿದರೆ 20 ಲಕ್ಷದವರೆಗೆ ಶೇ 17. ಇದರ ಮೇಲೆ ಸೆಸ್ ಬೇರೆ. ದಾಟಿದ ಭಾಗಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ ಹೆಚ್ಚಿನ ದರ ಬೀಳುತ್ತದೆ. 9 ಲಕ್ಷ 90 ಸಾವಿರದ ಗಾಡಿಗೆ 1,38,600 ರೂಪಾಯಿ ಟ್ಯಾಕ್ಸ್. 10 ಲಕ್ಷ 10 ಸಾವಿರದ ಗಾಡಿಗೆ 1,71,700. ಬೆಲೆಯಲ್ಲಿ 20 ಸಾವಿರ ವ್ಯತ್ಯಾಸ, ಟ್ಯಾಕ್ಸಿನಲ್ಲೇ 33 ಸಾವಿರ ಜಾಸ್ತಿ. 10 ಲಕ್ಷ ದಾಟಿದರೆ ಡೀಲರ್ ಶೇ 1 ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು, ಆದರೆ ಗಾಡಿ ತಗೊಳ್ಳುವ ದಿನ ಕೈಯಿಂದ ಕೊಡಲೇಬೇಕು. ಹಾಗಾಗಿ ಶೋರೂಮ್ ಬೆಲೆ 10 ಲಕ್ಷದ ಸುತ್ತಮುತ್ತ ಇದ್ದರೆ, ಒಂದು ವೇರಿಯಂಟ್ ಕೆಳಗಿನದು ಸಾಕಾ ಅಂತ ಎರಡು ಸಲ ಯೋಚಿಸಿ.

ಹಿಂದಿನ ಸೀಟಿನ ಪರೀಕ್ಷೆ

ಶೋರೂಮಿಗೆ ಮನೆಮಂದಿಯೆಲ್ಲ ಹೋಗಿ. ಮಕ್ಕಳು ಗಲಾಟೆ ಮಾಡಿದರೂ ಪರವಾಗಿಲ್ಲ. ಅಮ್ಮನಿಗೋ ಅಪ್ಪನಿಗೋ ಬರಲು ಬೇಜಾರಾದರೂ ಕರೆದುಕೊಂಡು ಹೋಗಿ. ಅವರಿಲ್ಲದೆ ಈ ಪರೀಕ್ಷೆ ಆಗುವುದಿಲ್ಲ.

ಮೊದಲು ನಿಮ್ಮ ಎತ್ತರಕ್ಕೆ ಡ್ರೈವರ್ ಸೀಟು ಸರಿ ಮಾಡಿಕೊಳ್ಳಿ. ದಿನಾ ಓಡಿಸುವ ಹಾಗೆ ಕೂತು ನೋಡಿ. ಆಮೇಲೆ ಸೀಟನ್ನು ಅಲ್ಲೇ ಬಿಟ್ಟು ಅದರ ಹಿಂದೆ ಹೋಗಿ ನೀವೇ ಕೂರಿ. ಶೋರೂಮಿನಲ್ಲಿ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿ ಇಟ್ಟಿರುತ್ತಾರೆ, ಹಿಂದೆ ಜಾಗ ಭಾರೀ ಇದೆ ಅಂತ ಕಾಣಲಿ ಅಂತ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಒಂದು ಅಂಗೈ ಅಗಲವಾದರೂ ಬಿಡುವಿರಬೇಕು. ಪಾದ ಮುಂದಿನ ಸೀಟಿನ ಅಡಿಗೆ ಹೋಗುತ್ತದಾ ನೋಡಿ. ತೊಡೆ ಪೂರ್ತಿ ಸೀಟಿಗೆ ತಾಗುತ್ತದಾ, ಇಲ್ಲ ಮೊಣಕಾಲು ಮೇಲೆದ್ದು ಕೂತ ಹಾಗೆ ಆಗುತ್ತದಾ ನೋಡಿ. ತೊಡೆಗೆ ಆಸರೆ ಇಲ್ಲದ ಸೀಟಲ್ಲಿ ಬೆಂಗಳೂರಿನವರೆಗೆ ಕೂತರೆ ವಯಸ್ಸಾದವರ ಸೊಂಟ ಹೇಳುತ್ತದೆ.

ಈಗ ಅಮ್ಮನನ್ನು ಹತ್ತಿಸಿ. ನೀವು ಸಹಾಯ ಮಾಡಬೇಡಿ, ಸುಮ್ನೆ ನಿಂತು ನೋಡಿ. ಸೀಟು ಅವರ ಸೊಂಟದ ಎತ್ತರಕ್ಕೆ ಸರಿಯಾಗಿದ್ದರೆ ಅವರು ಮೊದಲು ಕೂತು ಆಮೇಲೆ ಕಾಲು ಒಳಗೆ ತಗೊಳ್ಳುತ್ತಾರೆ. ಸೀಟು ತೀರಾ ಎತ್ತರ ಇದ್ದರೆ ಒಂದು ಕಾಲು ಎತ್ತಿ ಒಳಗಿಟ್ಟು, ಮೇಲಿನ ಹಿಡಿ ಹಿಡಿದು ಮೈ ಎಳೆದುಕೊಳ್ಳಬೇಕು. ಮೊಣಕಾಲು ನೋವಿರುವವರಿಗೆ ಆ ಒಂದು ಕ್ಷಣವೇ ಕಷ್ಟ. ನಮ್ಮಮ್ಮ ಒಂದು ಗಾಡಿಗೆ ಹತ್ತುವಾಗ ಬಾಗಿಲ ಮೇಲಂಚಿಗೆ ತಲೆ ತಾಗದಿರಲಿ ಅಂತ ಕತ್ತು ಬಗ್ಗಿಸಿ, ಅದೇ ಹೊತ್ತಿಗೆ ಕಾಲು ಎತ್ತಲು ಹೋಗಿ, ಎರಡೂ ಆಗದೆ ಬಾಗಿಲು ಹಿಡಿದು ನಿಂತರು. ಇಂಜಿನ್, ಮೈಲೇಜ್ ಎಲ್ಲ ಚೆನ್ನಾಗಿದ್ದರೂ ಆ ಗಾಡಿಯನ್ನು ನಾವು ಅಲ್ಲಿಗೇ ಬಿಟ್ಟೆವು. ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಹೊಸ್ತಿಲ ಹಾಗಿರುವ ಕೆಳಗಿನ ಪಟ್ಟಿ ಎಷ್ಟು ಅಗಲ ಇದೆ, ಇಳಿಯುವಾಗ ಸೀರೆ ಅದಕ್ಕೆ ಉಜ್ಜುತ್ತದಾ, ಇದನ್ನೆಲ್ಲ ನೋಡಿ. ಮಳೆಗಾಲದಲ್ಲಿ ಆ ಪಟ್ಟಿ ಪೂರ್ತಿ ಕೆಸರಾಗಿರುತ್ತದೆ.

ನಡುವಿನ ಸೀಟು ಬಹಳ ಮುಖ್ಯ. ಮೂವರನ್ನು ಕೂರಿಸಿ ನೋಡಿ. ನಡುವೆ ಕೂತವರ ಕಾಲಿನ ಹತ್ತಿರ ನೆಲ ಉಬ್ಬಿದೆಯಾ? ಎಸಿ ಗಾಳಿಯ ಡಬ್ಬಿ ಮೊಣಕಾಲಿಗೆ ತಾಗುತ್ತದಾ? ಅವರಿಗೂ ತಲೆಗೆ ಆಸರೆ ಮತ್ತು ಭುಜದ ಮೇಲಿಂದ ಬರುವ ಬೆಲ್ಟ್ ಇದೆಯಾ? ಸೊಂಟಕ್ಕೆ ಮಾತ್ರ ಬರುವ ಬೆಲ್ಟ್ ಇದ್ದರೆ ಆ ವೇರಿಯಂಟ್ ಬೇಡ. ಅಗಲದ ಮಟ್ಟಿಗೆ ತ್ರೀ ಎಕ್ಸ್‌ಒ ಮತ್ತು ಬ್ರೆಝಾದಲ್ಲಿ ಮೂವರು ದೊಡ್ಡವರು ಸ್ವಲ್ಪ ಆರಾಮ. ಕೈಲಾಕ್‌ನಲ್ಲಿ ಇಬ್ಬರಿಗೆ ಚೆನ್ನ, ಮೂರನೆಯವರಿಗೆ ಇಕ್ಕಟ್ಟು. ಕಿಯಾ ಸೈರೋಸ್‌ನ ದೊಡ್ಡ ವೇರಿಯಂಟ್‌ಗಳಲ್ಲಿ ಹಿಂದಿನ ಸೀಟು ಹಿಂದೆ ಮುಂದೆ ಜರುಗುತ್ತದೆ, ಬೆನ್ನೂ ಒರಗುತ್ತದೆ. ಹಿಂದೆ ಕೂರುವವರನ್ನೇ ಮನಸ್ಸಿನಲ್ಲಿಟ್ಟು ಮಾಡಿದ ಗಾಡಿ ಅದು, ಹೋಗಿ ನೋಡಲೇಬೇಕು.

ಮಕ್ಕಳ ವಿಷಯಕ್ಕೆ ಬಂದರೆ ಕಿಟಕಿ. ಈಗಿನ ಕೆಲವು ಗಾಡಿಗಳಲ್ಲಿ ಕಿಟಕಿಯ ಕೆಳಗಿನ ಗೆರೆ ಹಿಂದಕ್ಕೆ ಹೋದ ಹಾಗೆ ಮೇಲೇರುತ್ತದೆ. ಹೊರಗಿಂದ ನೋಡಲು ಚೆಂದ. ಒಳಗೆ ಕೂತ ಚಿಕ್ಕ ಮಗುವಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ. ಕಿವಿಯೊಳಗಿನ ಸಮತೋಲನದ ಭಾಗಕ್ಕೆ ಗಾಡಿ ತಿರುಗುತ್ತಿರುವುದು ಗೊತ್ತಾಗುತ್ತದೆ, ಕಣ್ಣಿಗೆ ಏನೂ ಚಲಿಸಿದ್ದು ಕಾಣುವುದಿಲ್ಲ. ಈ ಗೊಂದಲದಿಂದಲೇ ವಾಂತಿ ಬರುವುದು. ಆಗುಂಬೆಯ 14 ತಿರುವು ಇಳಿಯುವಾಗ ದೂರದ ಗುಡ್ಡ ಕಾಣುವ ಕಿಟಕಿ ಇದ್ದರೆ ಮಕ್ಕಳು ಅರ್ಧ ಉಳಿದ ಹಾಗೆ. ಬ್ರೆಝಾದ ನೆಟ್ಟಗಿನ ದೊಡ್ಡ ಗಾಜು ಈ ವಿಷಯದಲ್ಲಿ ನನಗೆ ತುಂಬಾ ಇಷ್ಟ.

ಚಿಕ್ಕ ಮಕ್ಕಳಿದ್ದರೆ ಚೈಲ್ಡ್ ಸೀಟ್ ಜೊತೆಗೇ ತಗೊಂಡು ಹೋಗಿ, ಇಲ್ಲವೇ ಪರಿಚಯದವರದ್ದು ಕೇಳಿ ತಗೊಂಡು ಹೋಗಿ. ಚೈಲ್ಡ್ ಸೀಟನ್ನು ಗಾಡಿಗೆ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳು ಸೀಟಿನ ಸಂದಿಯಲ್ಲಿ ಎಲ್ಲಿವೆ, ಕೈಗೆ ಸಿಗುತ್ತವಾ ಅಂತ ಹಾಕಿಯೇ ನೋಡಬೇಕು. ಹಿಂದಕ್ಕೆ ಮುಖ ಮಾಡುವ ಸೀಟ್ ಹಾಕಿದರೆ ಮುಂದಿನ ಸೀಟನ್ನು ಎಷ್ಟು ಮುಂದೆ ತಳ್ಳಬೇಕಾಗುತ್ತದೆ ಅನ್ನುವುದೂ ಆಗಲೇ ಗೊತ್ತಾಗುವುದು. ಒಂದು ಚೈಲ್ಡ್ ಸೀಟ್ ಕೂತ ಮೇಲೆ ಪಕ್ಕದಲ್ಲಿ ಇಬ್ಬರು ದೊಡ್ಡವರು ಕೂರಲು ಈ ಅಳತೆಯ ಹೆಚ್ಚಿನ ಗಾಡಿಗಳಲ್ಲಿ ಆಗುವುದಿಲ್ಲ. ಐದು ಜನರ ಮನೆಯವರು ಇದನ್ನು ಮೊದಲೇ ತಿಳಿದುಕೊಳ್ಳಬೇಕು. ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವ ಮಾತು ಬೇಡವೇ ಬೇಡ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ ಅಂತ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹಿಂದಕ್ಕೆ ಮುಖ ಮಾಡುವ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಯಾವತ್ತೂ ಹಾಕಬಾರದು.

ಡಿಕ್ಕಿಯ ಬಗ್ಗೆ ಸ್ವಲ್ಪವೇ ಹೇಳುತ್ತೇನೆ. ಕೈಲಾಕ್ 446 ಲೀಟರ್, ಸೋನೆಟ್ 385, ನೆಕ್ಸಾನ್ 382, ಬ್ರೆಝಾ 328 ಅಂತ ಕಂಪನಿಗಳು ಬರೆಯುತ್ತವೆ. ಲೀಟರಿಗಿಂತ ಡಿಕ್ಕಿಯ ಅಂಚು ಎಷ್ಟು ಎತ್ತರದಲ್ಲಿದೆ ಅನ್ನುವುದು ಮುಖ್ಯ. 25 ಕೆಜಿ ಅಕ್ಕಿ ಚೀಲವನ್ನು ಸೊಂಟದ ಮೇಲಕ್ಕೆ ಎತ್ತಿ ಒಳಗೆ ಇಳಿಸುವುದು ಎಲ್ಲರಿಗೂ ಆಗುವುದಿಲ್ಲ. ಸಿಎನ್‌ಜಿ ಬೇಕಿದ್ದರೆ ಸಿಲಿಂಡರ್ ಎಲ್ಲಿ ಕೂತಿದೆ ನೋಡಿ. ನೆಕ್ಸಾನ್‌ನಲ್ಲಿ ಎರಡು ಸಣ್ಣ ಸಿಲಿಂಡರ್ ಡಿಕ್ಕಿಯ ನೆಲದಡಿ ಇರುವುದರಿಂದ 321 ಲೀಟರ್ ಉಳಿಯುತ್ತದೆ. ಒಂದೇ ದೊಡ್ಡ ಸಿಲಿಂಡರ್ ಡಿಕ್ಕಿಯೊಳಗೆ ಕೂತರೆ ಊರಿಗೆ ಹೋಗುವಾಗ ಚೀಲಗಳೆಲ್ಲ ಕಾಲಡಿಗೆ ಬರುತ್ತವೆ.

ಸ್ಟಾರ್ ಲೆಕ್ಕ ಓದುವುದು ಹೇಗೆ

2018ರ ಡಿಸೆಂಬರ್‌ನಲ್ಲಿ ನೆಕ್ಸಾನ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಅನ್ನುವ, ಗಾಡಿ ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಪರೀಕ್ಷೆಯಲ್ಲಿ 5 ಸ್ಟಾರ್ ಬಂತು. ಭಾರತದಲ್ಲಿ ತಯಾರಾದ ಗಾಡಿಗೆ ಅದೇ ಮೊದಲು. ಆಮೇಲೆ 2023ರಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾಯಿತು. ತ್ರೀ ಎಕ್ಸ್‌ಒ, ಕೈಲಾಕ್, ಸೈರೋಸ್ ಇವೆಲ್ಲ ಅದರಲ್ಲಿ 5 ಸ್ಟಾರ್ ಪಡೆದಿವೆ. ಜನ ಸ್ಟಾರ್ ಎಷ್ಟು ಅಂತ ಮಾತ್ರ ಕೇಳುತ್ತಾರೆ. ಒಳಗಿನ ಅಂಕ ನೋಡಿ ಅಂತ ನಾನು ಹೇಳುತ್ತೇನೆ. ಭಾರತ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರ ರಕ್ಷಣೆಗೆ 32 ಅಂಕ, ಮಕ್ಕಳ ರಕ್ಷಣೆಗೆ 49 ಅಂಕ, ಎರಡೂ ಬೇರೆ ಬೇರೆ. ಮನೆಗೆ ತಗೊಳ್ಳುವಾಗ ಮಕ್ಕಳ ಅಂಕವನ್ನೇ ಮೊದಲು ಹೋಲಿಸಿ. ಪರೀಕ್ಷೆ ಯಾವ ವರ್ಷದ್ದು, ಯಾವ ವೇರಿಯಂಟ್‌ಗೆ ಮಾಡಿದ್ದು ಅಂತಲೂ ನೋಡಿ. ಏರ್‌ಬ್ಯಾಗ್ 6 ಇವೆ ಅಂದ ಮಾತ್ರಕ್ಕೆ ಬಾಡಿ ಗಟ್ಟಿ ಅಂತ ಅಲ್ಲ, ಎರಡೂ ಬೇರೆ ವಿಷಯ. ಮಳೆಯಲ್ಲಿ ಜಾರದಂತೆ ಹಿಡಿಯುವ ಇಎಸ್‌ಸಿ ಇಲ್ಲದ ವೇರಿಯಂಟ್ ಎಷ್ಟೇ ಅಗ್ಗವಾದರೂ ಮಲೆನಾಡಿನವರು ತಗೊಳ್ಳಬೇಡಿ.

5 ಸ್ಟಾರ್ ಇದ್ದರೂ ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಆ ಸ್ಟಾರ್ ಅವರಿಗೆ ಅಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು ನೆನಪಿದೆ ಅಲ್ವಾ? ಅವರು ಕೂತಿದ್ದು ಹಿಂದಿನ ಸೀಟಲ್ಲಿ, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಅದಕ್ಕೇ ಶೋರೂಮಿನಲ್ಲೇ ಹಿಂದಿನ ಬೆಲ್ಟ್‌ಗಳನ್ನು ಹಾಕಿ ತೆಗೆದು ನೋಡಿ. ಬಕಲ್ ಸೀಟಿನೊಳಗೆ ಹೂತು ಹೋಗುವ ಗಾಡಿಗಳಿವೆ. ವಯಸ್ಸಾದವರು ಹುಡುಕಿ ಹುಡುಕಿ ಸುಸ್ತಾಗಿ ಬೆಲ್ಟ್ ಹಾಕುವುದನ್ನೇ ಬಿಡುತ್ತಾರೆ. ನೆಟ್ಟಗೆ ನಿಲ್ಲುವ, ಒಂದೇ ಕೈಯಲ್ಲಿ ಸಿಕ್ಕಿಸಬಹುದಾದ ಬಕಲ್ ಇರಬೇಕು.

ಟಯರ್: ಇದು ನನ್ನ ಕೆಲಸ, ಸ್ವಲ್ಪ ಜಾಸ್ತಿ ಹೇಳುತ್ತೇನೆ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಂಗಡಿಯ ಗೋಡೆಗೆ ಬಾಗಿದ ಅಲಾಯ್ ವೀಲ್‌ಗಳು ಸಾಲಾಗಿ ಒರಗಿರುತ್ತವೆ. ಬ್ಯಾಲೆನ್ಸಿಂಗ್ ಮಷೀನಿಗೆ ಹಾಕಿ ತಿರುಗಿಸಿದರೆ ಒಳ ಅಂಚು ಮೇಲೆ ಕೆಳಗೆ ಆಡುವುದು ಬರಿಗಣ್ಣಿಗೇ ಕಾಣುತ್ತದೆ. ಟಯರ್ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಗುಂಡಿಯ ಅಂಚಿಗೂ ರಿಮ್ಮಿನ ಅಂಚಿಗೂ ನಡುವೆ ಟಯರಿನ ಪಕ್ಕ ಸಿಕ್ಕಿ ಒಳಗಿನ ನೂಲು ಹರಿದಿರುತ್ತದೆ. ಗಾಳಿ ಆ ಜಾಗದಲ್ಲಿ ಹೊರಗೆ ತಳ್ಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಟಯರ್ ಬಿಸಾಡಬೇಕು. ಹಾಗೇ ಹೈವೇಯಲ್ಲಿ ಓಡಿಸಿದರೆ ಯಾವಾಗ ಬೇಕಾದರೂ ಒಡೆಯಬಹುದು.

ಇದನ್ನು ತಪ್ಪಿಸುವುದು ಟಯರಿನ ಪಕ್ಕದ ಎತ್ತರ. ಟಯರ್ ಮೇಲೆ 215/60 ಆರ್16 ಅಂತ ಇದ್ದರೆ ಅಗಲ 215 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 60, ಅಂದರೆ 129 ಮಿಲಿಮೀಟರ್. ರಿಮ್ 16 ಇಂಚು. ಅದೇ 205/55 ಆರ್17 ಆದರೆ ಪಕ್ಕದ ಎತ್ತರ 113 ಮಿಲಿಮೀಟರ್ ಮಾತ್ರ. 16 ಮಿಲಿಮೀಟರ್ ಕಡಿಮೆ ರಬ್ಬರ್. 17 ಇಂಚಿನ ಅಲಾಯ್ ನೋಡಲು ಗತ್ತಾಗಿರುತ್ತದೆ, ಬೆಂಗಳೂರಿನ ಏರ್‌ಪೋರ್ಟ್ ರಸ್ತೆಗೆ ಸರಿ. ನಮ್ಮ ಹಳ್ಳಿ ರಸ್ತೆಗೆ 16 ಇಂಚೇ ಒಳ್ಳೆಯದು. ಗುಂಡಿ ಹೊಡೆತ ತಡೆಯುತ್ತದೆ, ಹಿಂದೆ ಕೂತವರಿಗೆ ಕುಲುಕಾಟ ಕಡಿಮೆ, ಬದಲಾಯಿಸುವಾಗ ಬೆಲೆಯೂ ಕಡಿಮೆ. ಒಂದೇ ಗಾಡಿಯಲ್ಲಿ ಕೆಳಗಿನ ವೇರಿಯಂಟ್‌ಗೆ 16, ಮೇಲಿನದಕ್ಕೆ 17 ಇದ್ದರೆ ಕೆಳಗಿನದೇ ನನ್ನ ಆಯ್ಕೆ. ಸ್ಟೀಲ್ ರಿಮ್ ಅಂದರೆ ಜನ ಮುಖ ಸಿಂಡರಿಸುತ್ತಾರೆ. ಬಾಗಿದ ಸ್ಟೀಲ್ ರಿಮ್ಮನ್ನು ಬಡಿದು ನೆಟ್ಟಗೆ ಮಾಡಬಹುದು. ಅಲಾಯ್ ಸೀಳಿದರೆ ಹೊಸದೇ ಹಾಕಬೇಕು.

ಸ್ಟೆಪ್ನಿ ಇದೆಯಾ, ಯಾವ ಅಳತೆಯದು ಅಂತ ಡಿಕ್ಕಿಯ ನೆಲ ಎತ್ತಿ ನೋಡಿ. ಕೆಲವು ಗಾಡಿಗಳಲ್ಲಿ ಸಣ್ಣ ಅಳತೆಯದು ಇರುತ್ತದೆ, ಕೆಲವದರಲ್ಲಿ ಪಂಕ್ಚರ್ ಕಿಟ್ ಮಾತ್ರ. ಪಕ್ಕ ಸೀಳಿದ ಟಯರಿಗೆ ಕಿಟ್ ಕೆಲಸಕ್ಕೆ ಬರುವುದಿಲ್ಲ. ರಾತ್ರಿ ಹೊತ್ತು ಹುಲಿಕಲ್ ಘಾಟಿಯಲ್ಲಿ ಮನೆಮಂದಿ ಜೊತೆ ನಿಂತಾಗ ಸ್ಟೆಪ್ನಿಯ ಬೆಲೆ ಗೊತ್ತಾಗುತ್ತದೆ.

ಗ್ರೌಂಡ್ ಕ್ಲಿಯರೆನ್ಸ್ ನೆಕ್ಸಾನ್‌ಗೆ 208 ಮಿಲಿಮೀಟರ್, ಬ್ರೆಝಾಗೆ 198, ಕೈಲಾಕ್‌ಗೆ 189. ಈ ಅಳತೆಗಿಂತ ಐದು ಜನ, ಲಗೇಜ್ ತುಂಬಿದ ಮೇಲೆ ಹಿಂಭಾಗ ಎಷ್ಟು ಕೆಳಗಿಳಿಯುತ್ತದೆ ಅನ್ನುವುದು ಮುಖ್ಯ. ಎಲ್ಲರನ್ನೂ ಕೂರಿಸಿ, ನಿಮ್ಮ ಬೀದಿಯ ಅತಿ ಕೆಟ್ಟ ಹಂಪ್ ಮೇಲೆ ನಿಧಾನವಾಗಿ ಹತ್ತಿಸಿ. ಅಡಿ ತಾಗಿದರೆ ಸದ್ದೇ ಹೇಳುತ್ತದೆ.

ಎಂಜಿನ್ ಮತ್ತು ಗೇರ್

ದಿನಕ್ಕೆ ನಾಲ್ಕೈದು ಕಿಲೋಮೀಟರ್ ಶಾಲೆ, ಸಂತೆ ಓಡಾಟ ಇರುವವರಿಗೆ ಡೀಸೆಲ್ ಬೇಡ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ಆ ಮಸಿ ಉರಿದು ಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಊರೊಳಗೆ ನಿಂತು ನಿಂತು ಓಡಿಸಿದರೆ ಅದು ಕಟ್ಟಿಕೊಂಡು ವಾರ್ನಿಂಗ್ ಲೈಟ್ ಹತ್ತುತ್ತದೆ. ವಾರಕ್ಕೊಂದು ಸಲವಾದರೂ ಹೈವೇಯಲ್ಲಿ ದೂರ ಹೋಗುವವರಿಗೆ ನೆಕ್ಸಾನ್, ಸೋನೆಟ್, ವೆನ್ಯೂ, ತ್ರೀ ಎಕ್ಸ್‌ಒಗಳ 1.5 ಲೀಟರ್ ಡೀಸೆಲ್ ಈಗಲೂ ಒಳ್ಳೆಯ ಆಯ್ಕೆ. ಘಾಟಿಯಲ್ಲಿ ಅದರ ಎಳೆತವೇ ಬೇರೆ.

ಪೆಟ್ರೋಲ್‌ನಲ್ಲಿ ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವ ಭಾಗ) ಇಲ್ಲದ 1.2 ಲೀಟರ್ ಎಂಜಿನ್ ಊರೊಳಗೆ ಸಾಕು. ಐದು ಜನ, ಎಸಿ, ಲಗೇಜ್ ಜೊತೆ ಘಾಟಿ ಹತ್ತುವವರಿಗೆ ಟರ್ಬೋ ಇರುವುದು ಬೇಕು. ಬ್ರೆಝಾದ 1.5ಕ್ಕೆ ಟರ್ಬೋ ಇಲ್ಲ, ಆದರೆ ನಾಲ್ಕು ಸಿಲಿಂಡರ್ ಆದ್ದರಿಂದ ನುಣುಪಾಗಿ ಓಡುತ್ತದೆ, ಅದರ ಸ್ವಭಾವ ಸಮಾಧಾನದ್ದು. ಕಂಪನಿ ಹೇಳುವ ಮೈಲೇಜ್ ಪರೀಕ್ಷಾ ಯಂತ್ರದ ಮೇಲಿನದು. ಊರೊಳಗೆ ಅಷ್ಟು ಬರುವುದಿಲ್ಲ. ನಿಮ್ಮ ಊರಲ್ಲೇ ಅದೇ ಗಾಡಿ ಇಟ್ಟವರನ್ನು ಕೇಳಿ.

ಆಟೋಮ್ಯಾಟಿಕ್ ಬೇಕಿದ್ದರೆ ಯಾವ ಬಗೆಯದು ಅಂತ ಕೇಳಲೇಬೇಕು. ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್, ಗೇರ್ ಕೆಲಸವನ್ನು ಯಂತ್ರವೇ ಮಾಡುವ ಎಎಂಟಿ ಅಗ್ಗ, ಮೈಲೇಜೂ ಚೆನ್ನ. ಆದರೆ ಗೇರ್ ಬದಲಾಗುವಾಗ ಒಂದು ತಡೆ ಇರುತ್ತದೆ. ಮುಂದೆ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ, ಹಿಂದೆ ಕೂತವರ ತಲೆ ಪ್ರತಿ ಗೇರಿಗೂ ತೂಗುತ್ತದೆ. ವಾಂತಿ ಆಗುವ ಮಕ್ಕಳಿದ್ದರೆ ಇದು ಸಣ್ಣ ವಿಷಯ ಅಲ್ಲ. ಏರಿನಲ್ಲಿ ಎಎಂಟಿ ಗಾಡಿಯನ್ನು ಆಕ್ಸಿಲರೇಟರ್ ಮೇಲೆ ನಿಲ್ಲಿಸಬಾರದು, ಬ್ರೇಕ್ ಹಿಡಿಯಬೇಕು. ಇಲ್ಲದಿದ್ದರೆ ಕ್ಲಚ್ ಸವೆಯುತ್ತದೆ. ಎರಡು ಕ್ಲಚ್ ಇರುವ ಡಿಸಿಟಿ ಹೈವೇಯಲ್ಲಿ ಬಹಳ ಚೆನ್ನ, ತೆವಳುವ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಬ್ರೆಝಾ, ಕೈಲಾಕ್, ತ್ರೀ ಎಕ್ಸ್‌ಒಗಳ ಪೆಟ್ರೋಲ್ ಗಾಡಿಗಳಲ್ಲಿ ಸಿಗುವ, ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ 6 ಗೇರಿನದು. ಮನೆಮಂದಿಗೆ ಅದೇ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬೆಲೆ ಜಾಸ್ತಿ, ಆದರೆ ಹಿಂದಿನ ಸೀಟಿನಲ್ಲಿ ನಿದ್ದೆ ಬರುತ್ತದೆ.

ಸ್ವಂತ ಮನೆ, ಸ್ವಂತ ಪಾರ್ಕಿಂಗ್, ದಿನಾ ಊರೊಳಗಿನ ಓಟ ಇದ್ದರೆ ನೆಕ್ಸಾನ್ ಅಥವಾ ಪಂಚ್ ಎಲೆಕ್ಟ್ರಿಕ್ ಕೂಡ ನೋಡಿ. ಮನೆಯಲ್ಲಿ 15 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಇರಬೇಕು. ಬಾಡಿಗೆ ಮನೆಯವರು ಮೊದಲು ಮಾಲೀಕರನ್ನು ಕೇಳಿ.

ಟೆಸ್ಟ್ ಡ್ರೈವ್, ಬಿಲ್ಲು, ಡೆಲಿವರಿ

ಶೋರೂಮಿನವರು ರಿಂಗ್ ರೋಡಿನಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ. ಒಪ್ಪಬೇಡಿ. ನಿಮ್ಮ ಮನೆಯವರೆಗೆ ಬರಲಿ ಅಂತ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ಎಲ್ಲರನ್ನೂ ಕೂರಿಸಿ, ಎಸಿ ಹಾಕಿ ಓಡಿಸಿ. ನಿಮ್ಮ ಗೇಟಿನೊಳಗೆ ರಿವರ್ಸ್ ಹಾಕಿ. ಆಮೇಲೆ ಸ್ಟೇರಿಂಗ್ ಬೇರೆಯವರಿಗೆ ಕೊಟ್ಟು ನೀವು ಹಿಂದೆ ಕೂರಿ. ಹಂಪ್ ದಾಟುವಾಗ ಹಿಂಭಾಗ ಒಂದು ಸಲ ಎದ್ದು ಸುಮ್ಮನಾಗುತ್ತದಾ, ಎರಡು ಮೂರು ಸಲ ಕುಣಿಯುತ್ತದಾ ಅಂತ ಅಲ್ಲೇ ಗೊತ್ತಾಗುವುದು. ನೀವು ತಗೊಳ್ಳುವ ಎಂಜಿನ್, ಅದೇ ಗೇರ್‌ಬಾಕ್ಸ್ ಇರುವ ಗಾಡಿಯನ್ನೇ ಕೇಳಿ.

ಫೀಚರ್ ವಿಷಯದಲ್ಲಿ ನನ್ನ ಪಟ್ಟಿ ಚಿಕ್ಕದು. ಹಿಂದಿನ ಗಾಜಿಗೆ ವೈಪರ್ ಮತ್ತು ಗಾಜಿನ ಮಂಜು ತೆಗೆಯುವ ಡಿಫಾಗರ್, ರಿವರ್ಸ್ ಕ್ಯಾಮೆರಾ, ಹಿಂದೆ ಎಸಿ, ಎತ್ತರ ಬದಲಿಸಬಹುದಾದ ಡ್ರೈವರ್ ಸೀಟ್, ಏರಿನಲ್ಲಿ ಹಿಡಿಯುವ ಹಿಲ್ ಹೋಲ್ಡ್, ಟಯರ್ ಗಾಳಿ ತೋರಿಸುವ ಟಿಪಿಎಂಎಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ ಕಡೆ ಓಡಾಡುವವರಿಗೆ ಡಿಫಾಗರ್ ಇಲ್ಲದೆ ಹಿಂದೆ ಏನೂ ಕಾಣುವುದಿಲ್ಲ. ಸನ್‌ರೂಫ್ ಬೇಡ ಅಂತಲೇ ಹೇಳುತ್ತೇನೆ. ಅದರ ಚೌಕಟ್ಟು ತಲೆ ಮೇಲಿನ ಜಾಗ ತಿನ್ನುತ್ತದೆ, ಮಕ್ಕಳು ಅದರಿಂದ ಮೇಲೆ ನಿಲ್ಲುತ್ತಾರೆ. ಓಡುವ ಗಾಡಿಯಲ್ಲಿ ಅದಕ್ಕಿಂತ ಭಯದ ನೋಟ ನನಗೆ ಬೇರೆ ಇಲ್ಲ.

ಬುಕ್ ಮಾಡುವ ಮೊದಲು ಒಂದು ಬೆಳಗ್ಗೆ ಆ ಕಂಪನಿಯ ಸರ್ವೀಸ್ ಸೆಂಟರಿಗೆ ಹೋಗಿ ಕಾಯುವ ಜಾಗದಲ್ಲಿ ಕೂರಿ. ಅಲ್ಲಿ ಕೂತವರನ್ನು ಮಾತಾಡಿಸಿ. ಬಂಪರ್, ಹೆಡ್‌ಲೈಟ್ ಒಡೆದರೆ ಪಾರ್ಟ್ ಬರಲು ಎಷ್ಟು ದಿನ ಕಾಯಿಸುತ್ತಾರೆ ಅಂತ ಕೇಳಿ. ಮನೆಗೆ ಒಂದೇ ಗಾಡಿ ಇರುವವರಿಗೆ ಇದು ಮೈಲೇಜ್‌ಗಿಂತ ದೊಡ್ಡ ವಿಷಯ.

ಬಿಲ್ಲನ್ನು ಸಾಲು ಸಾಲಾಗಿ ಬರೆಸಿಕೊಳ್ಳಿ. ಶೋರೂಮ್ ಬೆಲೆ, ರೋಡ್ ಟ್ಯಾಕ್ಸ್, ರಿಜಿಸ್ಟ್ರೇಷನ್, ಇನ್ಶೂರೆನ್ಸ್, ಫಾಸ್ಟ್ಯಾಗ್. ನನ್ನ ಭಾಮೈದನ ಬಿಲ್ಲಿನಲ್ಲಿ ಒಬ್ಬ ಡೀಲರ್ ಹ್ಯಾಂಡ್ಲಿಂಗ್ ಚಾರ್ಜ್ ಅಂತ ಒಂದು, ಎಸೆನ್ಷಿಯಲ್ ಕಿಟ್ ಅಂತ ಇನ್ನೊಂದು ಸೇರಿಸಿದ್ದರು. ಏನದು ಅಂತ ಕೇಳಿದಾಗ ಮೊದಲನೆಯದನ್ನು ತೆಗೆದರು. ಎರಡನೆಯದರಲ್ಲಿದ್ದ ಮ್ಯಾಟ್, ಮಡ್ ಫ್ಲ್ಯಾಪ್ ಹೊರಗೆ ಅರ್ಧ ಬೆಲೆಗೆ ಸಿಕ್ಕವು. ಇನ್ಶೂರೆನ್ಸ್ ಅಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ, ನಮ್ಮ ಗಾಡಿಯ ಹಾನಿಗೆ ಒಂದು ವರ್ಷದ್ದು ಸಾಕು. ಹೊರಗೆ ವಿಚಾರಿಸಿ ಆ ಕಾಗದ ತೋರಿಸಿದರೆ ಡೀಲರ್ ತಾನೇ ಇಳಿಸುತ್ತಾರೆ.

ರಿಜಿಸ್ಟ್ರೇಷನ್ ಆಗುವ ಮೊದಲೇ ಗಾಡಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಹೆಸರಿಗೆ ಆದ ಮೇಲೆ ಬದಲಾಯಿಸಿಕೊಡಿ ಅಂದರೆ ಯಾರೂ ಕೇಳುವುದಿಲ್ಲ. ತಯಾರಾದ ತಿಂಗಳು, ವರ್ಷ ಕೇಳಿ. ಐದೂ ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 3525 ಅಂತ ಇದ್ದರೆ 2025ರ 35ನೇ ವಾರದಲ್ಲಿ ತಯಾರಾದ ಟಯರ್ ಅಂತ ಅರ್ಥ. ಗಾಡಿಗಿಂತ ಟಯರ್ ಬಹಳ ಹಳೆಯದಿದ್ದರೆ, ಇಲ್ಲವೇ ಒಂದು ಟಯರ್ ಮಾತ್ರ ಬೇರೆ ಕಾಲದ್ದಿದ್ದರೆ ಯಾಕೆ ಅಂತ ಕೇಳಿ. ಬಾಗಿಲು, ಬಾನೆಟ್ ಸಂದಿಗಳು ಎರಡೂ ಕಡೆ ಒಂದೇ ಸಮ ಇವೆಯಾ ನೋಡಿ.

ಡೆಲಿವರಿ ದಿನ ಪೂಜೆ, ಫೋಟೋ ಎಲ್ಲ ಆಗಲಿ. ಮನೆಗೆ ಹೊರಡುವ ಮೊದಲು ಟಯರ್ ಗಾಳಿ ಒಮ್ಮೆ ನೋಡಿಸಿ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಗಳಿಗೆ ಗಾಳಿ ಜಾಸ್ತಿ ತುಂಬಿಟ್ಟಿರುತ್ತಾರೆ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲಿನ ಸ್ಟಿಕ್ಕರ್‌ನಲ್ಲಿದೆ. ಇಬ್ಬರು ಇದ್ದಾಗ ಎಷ್ಟು, ಐದು ಜನ ಲಗೇಜ್ ಸಮೇತ ಇದ್ದಾಗ ಎಷ್ಟು ಅಂತ ಕೆಲವು ಗಾಡಿಗಳಲ್ಲಿ ಬೇರೆ ಬೇರೆ ಬರೆದಿರುತ್ತದೆ. ಹಿಂದಿನ ಟಯರಿಗೆ ಬರೆದಿದ್ದನ್ನು ತಪ್ಪದೆ ನೋಡಿ, ಊರಿಗೆ ಹೊರಡುವ ಬೆಳಗ್ಗೆ ಟಯರ್ ತಣ್ಣಗಿರುವಾಗಲೇ ಅಷ್ಟು ಹಾಕಿಸಿ.